ಲಿನಕ್ಸ್ ಕರ್ನಲ್‌ಗೆ ಹೊಸಬರನ್ನು ಅಣಿಗೊಳಿಸುವ ಬಗ್ಗೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳ ಸದಸ್ಯರಿಗೆ ಮತ್ತು ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ವಿಭಾಗಗಳ ಅಧ್ಯಾಪಕರಿಗೆ,

ಮಾನ್ಯರೇ,

ಕಳೆದ ವರ್ಷ ಒಂದು ಕಾಲೇಜಿನವರು ಮುಕ್ತ ತಂತ್ರಾಂಶದ ಕಾರ್ಯಾಗಾರಕ್ಕೆ ನನ್ನನ್ನು ಕರೆದಿದ್ದರು. ಒಂದೇ ದಿನದ ಕಾರ್ಯಕ್ರಮ. ಆರನೇ ಸೆಮಿಸ್ಟರಿನ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸೇರಿದ್ದರು. ಸಂಜೆ ಐದು ಗಂಟೆಯೊಳಗೆ ಪ್ರತಿಯೊಬ್ಬರೂ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಒಂದೊಂದು ಪ್ಯಾಚ್, ಅಂದರೆ ಅದರ ಕೋಡಿಗೆ ಒಂದು ತಿದ್ದುಪಡಿ, ಕಳಿಸಿರಬೇಕು, ಕಳಿಸಿದವರಿಗೆ ಪ್ರಮಾಣಪತ್ರ ಕೊಡಬೇಕು ಎಂದು ಸಂಘಟಕರು ಮೊದಲೇ ಗೊತ್ತುಮಾಡಿದ್ದರು. ಬೆಳಗಿನ ನನ್ನ ಉಪನ್ಯಾಸ ಮುಗಿಸಿ ಬೆಂಗಳೂರಿಗೆ ಮರಳಿದ ನಾನು ಮರುದಿನ, ಪ್ಯಾಚುಗಳು ಬಂದು ಚರ್ಚೆಯಾಗುವ ಮೇಲಿಂಗ್ ಲಿಸ್ಟ್ ತೆರೆದಾಗ, ಒಂದೇ ಡ್ರೈವರಿನ (ಯಂತ್ರದ ಒಂದು ಭಾಗವನ್ನು ನಡೆಸುವ ಕೋಡ್) ಒಂದೇ ಕಡತದಲ್ಲಿ ಖಾಲಿ ಜಾಗಗಳನ್ನು ಸರಿಪಡಿಸುವ, ಹೆಚ್ಚುಕಡಿಮೆ ಒಂದೇ ಶೀರ್ಷಿಕೆಯ ನಲವತ್ತರಷ್ಟು ಪ್ಯಾಚುಗಳು ಅಲ್ಲಿ ಸಾಲುಗಟ್ಟಿದ್ದವು. ಮೇಲ್ ಕಳಿಸುವಾಗ ಟ್ಯಾಬ್‌ಗಳೆಲ್ಲ ಸ್ಪೇಸ್‌ಗಳಾಗಿಬಿಟ್ಟಿದ್ದರಿಂದ ಅವುಗಳಲ್ಲಿ ಅರ್ಧದಷ್ಟನ್ನು ಮೂಲ ಕಡತಕ್ಕೆ ಹಚ್ಚಲೂ ಆಗುತ್ತಿರಲಿಲ್ಲ. ಆ ಡ್ರೈವರನ್ನು ನೋಡಿಕೊಳ್ಳುವ ಮೇಂಟೇನರ್ ಮೊದಲ ನಾಲ್ಕೈದಕ್ಕೆ ತಾಳ್ಮೆಯಿಂದ, ಏನು ತಪ್ಪಾಗಿದೆ, ಹೇಗೆ ತಿದ್ದಿ ಮತ್ತೆ ಕಳಿಸಬೇಕು ಎಂದು ವಿವರವಾಗಿ ಬರೆದಿದ್ದರು; ಆಮೇಲೆ, ದಯವಿಟ್ಟು ಇದನ್ನು ನಿಲ್ಲಿಸಿ ಎಂದು ಒಂದು ಸಾಲು ಬರೆದು ಸುಮ್ಮನಾಗಿದ್ದರು. ಅವರು ಬರೆದ ಯಾವ ಉತ್ತರಕ್ಕೂ ಒಬ್ಬ ವಿದ್ಯಾರ್ಥಿಯೂ ಮರಳಿ ಬರೆಯಲಿಲ್ಲ. ಪ್ರಮಾಣಪತ್ರಗಳನ್ನು ಹಿಂದಿನ ಸಂಜೆಯೇ ಹಂಚಿಯಾಗಿತ್ತು.

ಆ ಮೌನವೇ ಈ ಪತ್ರಕ್ಕೆ ಕಾರಣ. ಒಂಬತ್ತು ವರ್ಷಗಳಿಂದ ಕರ್ನಲ್‌ಗೆ ಪ್ಯಾಚ್ ಬರೆಯುತ್ತ, ಆರು ವರ್ಷಗಳಿಂದ ಶನಿವಾರ, ಭಾನುವಾರಗಳಲ್ಲಿ ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತು ಅವರ ಮೊದಲ ಪ್ಯಾಚನ್ನು ತಿದ್ದಿಸುತ್ತ ಬಂದಿರುವ ನನಗೆ ಒಂದು ಮಾತು ಖಚಿತವಾಗಿದೆ. ಪ್ಯಾಚ್ ಕಳಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಕಳಿಸಿದ ಪ್ಯಾಚಿನ ಮೇಲೆ ಬಂದ ಟೀಕೆಯನ್ನು ಓದಿ, ಅರ್ಥಮಾಡಿಕೊಂಡು, ಒಪ್ಪುವುದನ್ನು ಒಪ್ಪಿ, ಒಪ್ಪದ್ದಕ್ಕೆ ಕಾರಣ ಕೊಟ್ಟು, ತಿದ್ದಿ ಮತ್ತೆ ಬರುವುದನ್ನು ಕಲಿಸಲು ಒಂದು ವರ್ಷ ಬೇಕು. ನಮ್ಮ ಕಾಲೇಜುಗಳು ಮೊದಲನೆಯದಕ್ಕೆ ಅಂಕ, ಪ್ರಮಾಣಪತ್ರ, ಫೋಟೊ ಎಲ್ಲವನ್ನೂ ಕೊಡುತ್ತಿವೆ. ಎರಡನೆಯದಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯನ್ನೂ ಇಟ್ಟಿಲ್ಲ.

ಕರ್ನಲ್ ಎಂಬುದು ಎಷ್ಟು ದೊಡ್ಡ ಕೆಲಸ ಎಂಬುದನ್ನು ತಮ್ಮಲ್ಲಿ ಕೆಲವರಿಗಾದರೂ ನೆನಪಿಸಬೇಕೆನಿಸುತ್ತದೆ. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕಾಗಿ ಬರೆಯುತ್ತಿದ್ದೇನೆ ಎಂದು ಜಗತ್ತಿಗೆ ತಿಳಿಸಿದ ಆ ತಂತ್ರಾಂಶ ಇಂದು ಮೂರು ಕೋಟಿಗೂ ಹೆಚ್ಚು ಸಾಲುಗಳಷ್ಟು ಬೆಳೆದಿದೆ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿರುವುದು ಅದೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಎಲ್ಲ ಯಂತ್ರಗಳೂ 2017ರ ನವೆಂಬರಿನಿಂದ ಅದರ ಮೇಲೆಯೇ ನಡೆಯುತ್ತಿವೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ. ಮೊದಲ ಎರಡು ವಾರ ಹೊಸ ಬದಲಾವಣೆಗಳನ್ನು ಒಳಗೆ ತೆಗೆದುಕೊಂಡು, ಉಳಿದ ವಾರಗಳಲ್ಲಿ ತಪ್ಪುಗಳನ್ನಷ್ಟೇ ತಿದ್ದುತ್ತಾರೆ. ಹೀಗೆ ಒಂದೊಂದು ಆವೃತ್ತಿಗೂ ಹತ್ತು ಸಾವಿರಕ್ಕಿಂತ ಹೆಚ್ಚು ಬದಲಾವಣೆಗಳು ಸೇರುತ್ತವೆ, ಮತ್ತು ಅವುಗಳನ್ನು ಬರೆದವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಅದೇ ಮೊದಲ ಬಾರಿಗೆ ಕರ್ನಲ್‌ಗೆ ಕೈಹಚ್ಚಿದವರಾಗಿರುತ್ತಾರೆ. ಹೊಸಬರಿಗೆ ಬಾಗಿಲು ಮುಚ್ಚಿದೆ ಎಂಬ ಮಾತು ಹಾಗಾಗಿ ಸರಿಯಲ್ಲ. ಅಲ್ಲಿ ಕೊರತೆಯಿರುವುದು ಪ್ಯಾಚ್ ಓದುವವರ ಸಮಯಕ್ಕೆ. ಬರೆಯುವವರು ಸಾವಿರಾರು ಮಂದಿ, ಓದಿ ಹೊಣೆ ಹೊರುವವರು ಅದರಲ್ಲೊಂದು ಸಣ್ಣ ಪಾಲು, ಮತ್ತು ಅವರಲ್ಲಿ ಬಹಳಷ್ಟು ಮಂದಿ ತಮ್ಮ ಕಂಪನಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುವವರು. ಅವರ ಒಂದು ಗಂಟೆಯನ್ನು ನಾವು ಕೇಳುತ್ತಿದ್ದೇವೆ ಎಂಬ ಅರಿವಿನಿಂದಲೇ ತರಬೇತಿ ಆರಂಭವಾಗಬೇಕು.

ಈ ಅರಿವು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ದೇಶವೇ ನೋಡಿದೆ. 2020ರ ಅಕ್ಟೋಬರಿನಲ್ಲಿ, ಮುಕ್ತ ತಂತ್ರಾಂಶಕ್ಕೆ ಕೊಡುಗೆಯನ್ನು ಪ್ರೋತ್ಸಾಹಿಸುವ ವಾರ್ಷಿಕ ಅಭಿಯಾನವಾದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಬದಲಾವಣೆ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತದೆಂದು ತಿಳಿದು, ಯಾವುದೋ ಯೋಜನೆಯ ಪರಿಚಯ ಪುಟದಲ್ಲಿ ಒಂದು ಪದ ಸೇರಿಸುವುದನ್ನು ತೋರಿಸಿದ ನಮ್ಮ ದೇಶದ ಒಂದು ವಿಡಿಯೋ ಪಾಠವನ್ನು ಅನುಸರಿಸಿ, ಸಾವಿರಾರು ವಿದ್ಯಾರ್ಥಿಗಳು ಅರ್ಥವಿಲ್ಲದ ಬದಲಾವಣೆಗಳನ್ನು ಸುರಿದರು. ಕೆಲವೇ ದಿನಗಳಲ್ಲಿ ಸಂಘಟಕರು, ತಾವಾಗಿ ಒಪ್ಪಿದ ಯೋಜನೆಗಳಿಗೆ ಮಾತ್ರ ಎಂದು ನಿಯಮವನ್ನೇ ಬದಲಿಸಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ಜಾವಾಸ್ಕ್ರಿಪ್ಟ್ ಯೋಜನೆಗೂ ಅದೇ ಗತಿ ಬಂತು. ಆ ವಿದ್ಯಾರ್ಥಿಗಳನ್ನು ಹೊರಗಿನವರು ಹಂಗಿಸಿದ್ದನ್ನು ಓದಿ ನನಗೆ ಬಹಳ ನೋವಾಯಿತು. ತಮಗೆ ಕಲಿಸಿದ್ದನ್ನು ಅವರು ಶ್ರದ್ಧೆಯಿಂದ ಮಾಡಿದ್ದರು. ಕಲಿಸಿದ್ದೇ ತಪ್ಪಾಗಿತ್ತು.

ಹಾಗಾದರೆ ಸರಿಯಾಗಿ ಕಲಿಸುವುದೆಂದರೇನು? ನಾನು ಕಂಡಂತೆ ಹೇಳುತ್ತೇನೆ.

ಮೊದಲ ತಿಂಗಳು ಯಾರೂ ಏನನ್ನೂ ಕಳಿಸಬಾರದು. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ಸಾಧನದಿಂದ ಕರ್ನಲ್ ಇಳಿಸಿಕೊಂಡು, ತಮ್ಮ ಯಂತ್ರಕ್ಕೆ ಬೇಕಾದಷ್ಟನ್ನೇ ಆರಿಸಿಕೊಂಡು ಬಿಲ್ಡ್ ಮಾಡಿ, ಕ್ಯೂಎಮು ಎಂಬ ಕೃತಕ ಯಂತ್ರದಲ್ಲಿ ಅದನ್ನು ಬೂಟ್ ಮಾಡಿ, ತಾವು ಸೇರಿಸಿದ ಒಂದು ಸಾಲು ಆರಂಭದ ಸಂದೇಶಗಳಲ್ಲಿ ಮೂಡುವುದನ್ನು ಕಣ್ಣಾರೆ ನೋಡಬೇಕು. ಎಲ್ಲವನ್ನೂ ಬಿಲ್ಡ್ ಮಾಡಲು ಹೊರಟರೆ ಕಾಲೇಜಿನ ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಿ ಇಡೀ ದಿನ ಹೋಗುತ್ತದೆ. ಬಳಕೆಯಲ್ಲಿರುವ ಮಾಡ್ಯೂಲುಗಳನ್ನಷ್ಟೇ ಇಟ್ಟುಕೊಳ್ಳುವ ಲೋಕಲ್‌ಮಾಡ್‌ಕಾನ್ಫಿಗ್ ಬಳಸಿದರೆ ಒಂದು ಲ್ಯಾಬ್ ಅವಧಿಗೆ ಹೊಂದಿಸಬಹುದು. ದುಬಾರಿ ಯಂತ್ರ ಬೇಕು, ವಿಶೇಷ ಬೋರ್ಡ್ ಬೇಕು ಎಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ.

ಅದರ ಜೊತೆಗೇ ನಡೆಯಬೇಕಾದದ್ದು ಓದು. ಕರ್ನಲ್‌ನ ಮೇಲಿಂಗ್ ಲಿಸ್ಟುಗಳ ಹಳೆಯ ಪತ್ರಗಳೆಲ್ಲ ಲೋರ್ ಎಂಬ ಭಂಡಾರದಲ್ಲಿ ಯಾರು ಬೇಕಾದರೂ ಓದಬಹುದಾದಂತೆ ಇವೆ. ಒಂದು ಪ್ಯಾಚಿನ ಮೊದಲ ಆವೃತ್ತಿಯಿಂದ ಅದು ಸ್ವೀಕೃತವಾದ ಏಳನೆಯದೋ ಎಂಟನೆಯದೋ ಆವೃತ್ತಿಯವರೆಗಿನ ಅಷ್ಟೂ ಪತ್ರಗಳನ್ನು ಆರಿಸಿಕೊಟ್ಟು, ಎರಡನೇ ಆವೃತ್ತಿಯಲ್ಲಿ ಏನು ಬದಲಾಯಿತು, ಏಕೆ ಬದಲಾಯಿತು, ಯಾರ ಮಾತಿಗೆ ಬರೆದವರು ಒಪ್ಪಲಿಲ್ಲ, ಒಪ್ಪದಿದ್ದಾಗ ಯಾವ ಆಧಾರ ಕೊಟ್ಟರು ಎಂದು ತರಗತಿಯಲ್ಲಿ ಚರ್ಚಿಸಿದರೆ, ಅದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪಾಠವನ್ನು ನಾನು ನೋಡಿಲ್ಲ. ಆಪರೇಟಿಂಗ್ ಸಿಸ್ಟಮ್ಸ್ ವಿಷಯದಲ್ಲಿ ಲಾಕ್ (ಹಲವು ಕೆಲಸಗಳು ಒಂದೇ ದತ್ತಾಂಶವನ್ನು ಒಟ್ಟಿಗೆ ಮುಟ್ಟದಂತೆ ಹಾಕುವ ಬೀಗ) ಎಂದರೇನು ಎಂಬುದಕ್ಕೆ ಹತ್ತು ಅಂಕದ ಉತ್ತರ ಬರೆಯುವ ನಮ್ಮ ವಿದ್ಯಾರ್ಥಿಗಳಿಗೆ, ನಿಜವಾದ ಒಂದು ಲಾಕ್‌ನ ಬಗ್ಗೆ ಇಪ್ಪತ್ತು ವರ್ಷ ಅನುಭವವಿರುವ ಇಬ್ಬರು ವಾದಿಸುವುದನ್ನು ಓದಲು ಸಿಕ್ಕರೆ ಆ ಪಾಠದ ಪುಟಗಳಿಗೆ ಜೀವ ಬರುತ್ತದೆ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಬೇಕಾಗಿರುವುದು, ತಾವೇ ಮೊದಲು ಓದಿ ಬಂದ ಒಬ್ಬ ಅಧ್ಯಾಪಕರು.

ಇನ್ನು ಬರೆಯುವ ಹಂತ. ಕರ್ನಲ್‌ನ ಮೂಲ ಕಡತಗಳ ನಡುವೆ ಸ್ಟೇಜಿಂಗ್ ಎಂಬ ಭಾಗವೊಂದನ್ನು 2008ರಿಂದ ಇಟ್ಟಿದ್ದಾರೆ. ಇನ್ನೂ ಒಳಮನೆಗೆ ಬರುವಷ್ಟು ಚೊಕ್ಕವಾಗದ ಡ್ರೈವರುಗಳು ಕೂರುವ ಜಗಲಿ ಅದು, ಹೊಸಬರೂ ಮೊದಲು ಕೂರಬಹುದಾದ ಜಗಲಿ. ಅಲ್ಲಿನ ಡ್ರೈವರುಗಳ ಜೊತೆ ಏನೇನು ಕೆಲಸ ಬಾಕಿಯಿದೆ ಎಂಬ ಪಟ್ಟಿಯಿರುತ್ತದೆ. ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಬರವಣಿಗೆಯ ಶೈಲಿಯ ತಪ್ಪುಗಳನ್ನು ಹುಡುಕಿಕೊಡುತ್ತದೆ, ಇನ್ನೊಂದು ಸ್ಕ್ರಿಪ್ಟ್ ಯಾರಿಗೆ ಪತ್ರ ಹೋಗಬೇಕೆಂಬುದನ್ನು ತೋರಿಸುತ್ತದೆ. ಖಾಲಿ ಜಾಗ ಸರಿಪಡಿಸುವ ಪ್ಯಾಚನ್ನು ನಾನು ಕೀಳಾಗಿ ಕಾಣುವುದಿಲ್ಲ. ನನ್ನ ಮೊದಲ ಪ್ಯಾಚೂ ಅಂಥದ್ದೇ. ಆದರೆ ಅದು ದಾರಿ ತಿಳಿಯುವುದಕ್ಕಾಗಿ ಒಂದು ಸಲ ಮಾಡುವ ಕೆಲಸ. ಸ್ಟೇಜಿಂಗ್‌ನ ಆಚೆ, ಚೆನ್ನಾಗಿ ನಡೆಯುತ್ತಿರುವ ಕಡತಗಳಲ್ಲಿ ಚೆಕ್‌ಪ್ಯಾಚ್ ಓಡಿಸಿ ಸಿಕ್ಕಿದ್ದನ್ನೆಲ್ಲ ತಿದ್ದಿ ಕಳಿಸುವುದು ಮೇಂಟೇನರುಗಳಿಗೆ ಹೊರೆಯಾಗುತ್ತದೆ ಎಂಬುದನ್ನು ಕಲಿಸುವವರು ಸ್ಪಷ್ಟವಾಗಿ ಹೇಳಬೇಕು.

ಒಬ್ಬ ವಿದ್ಯಾರ್ಥಿನಿಯ ವಿಚಾರವನ್ನು ತುಸು ವಿವರವಾಗಿ ಹೇಳುವುದಕ್ಕೆ ಅನುಮತಿಯಿರಲಿ. ಹಾವೇರಿ ಜಿಲ್ಲೆಯ ಹಳ್ಳಿಯವಳು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಒಂದು ಡ್ರೈವರಿನ ಆರಂಭದ ಫಂಕ್ಷನ್ ಓದುತ್ತಿದ್ದಾಗ, ಯಂತ್ರಕ್ಕೆ ಮಿಡಿತ ಕೊಡುವ ಕ್ಲಾಕ್ ಚಾಲೂ ಮಾಡಿದ ಮೇಲಿನ ಹೆಜ್ಜೆ ವಿಫಲವಾದರೆ ಆ ಕ್ಲಾಕನ್ನು ಮರಳಿ ನಿಲ್ಲಿಸದೆಯೇ ಫಂಕ್ಷನ್ ಹೊರಬೀಳುತ್ತದೆ ಎಂಬುದನ್ನು ಆಕೆ ಕಂಡುಹಿಡಿದಳು. ನಿಜವಾದ ತಪ್ಪು, ಒಳ್ಳೆಯ ಹುಡುಕಾಟ. ಮೂರು ಸಾಲಿನ ಪ್ಯಾಚ್ ಬರೆದಳು. ಆ ಯಂತ್ರ ತನ್ನ ಬಳಿ ಇಲ್ಲ, ಕಂಪೈಲ್ ಮಾಡಿ ಮಾತ್ರ ನೋಡಿದ್ದೇನೆ ಎಂದು ಪ್ರಾಮಾಣಿಕವಾಗಿ ಅದರಲ್ಲೇ ಬರೆದಳು. ಎರಡು ದಿನದಲ್ಲಿ ಮೇಂಟೇನರರ ಉತ್ತರ ಬಂತು. ಆಮೇಲೆ ಹತ್ತು ದಿನ ಆಕೆಯ ಸುದ್ದಿಯೇ ಇಲ್ಲ. ನಾನೇ ಫೋನ್ ಮಾಡಿ ಕೇಳಿದರೆ, "ಸರ್, ಅವರು ಬೈದಿದ್ದಾರೆ, ನನಗೆ ಮತ್ತೆ ಕಳಿಸೋಕೆ ಧೈರ್ಯ ಇಲ್ಲ" ಎಂದಳು.

ಪತ್ರ ತೆರೆದು ಇಬ್ಬರೂ ಸೇರಿ ಓದಿದೆವು. ಬೈಗುಳ ಎಲ್ಲೂ ಇರಲಿಲ್ಲ. ತಪ್ಪು ಸರಿಯಾಗಿ ಹಿಡಿದಿದ್ದೀರಿ. ಆದರೆ ಡ್ರೈವರ್ ಬಿಟ್ಟುಹೋಗುವಾಗ ಕ್ಲಾಕ್ ತಾನಾಗಿ ನಿಲ್ಲುವಂಥ ಸಹಾಯಕ ಫಂಕ್ಷನ್ ಇದೆ, ಅದನ್ನು ಬಳಸಿ. ಯಾವ ಹಳೆಯ ಕಮಿಟ್‌ನಲ್ಲಿ (ದಾಖಲಾದ ಬದಲಾವಣೆಯಲ್ಲಿ) ಈ ತಪ್ಪು ನುಸುಳಿತು ಎಂಬುದನ್ನೂ ಫಿಕ್ಸಸ್ ಎಂಬ ಸಾಲಿನಲ್ಲಿ ನಮೂದಿಸಿ. ಇಷ್ಟೇ. ಮುಂದೆ ಧನ್ಯವಾದವಿಲ್ಲ, ನಮಸ್ಕಾರವಿಲ್ಲ, ಆದ್ದರಿಂದ ಅದು ಆಕೆಗೆ ಗದರಿಕೆಯಂತೆ ಕೇಳಿಸಿತ್ತು. ತರಗತಿಯಲ್ಲಿ ಎದುರು ಮಾತಾಡಬಾರದು, ದೊಡ್ಡವರು ತಪ್ಪು ತೋರಿಸಿದರೆ ತಲೆ ತಗ್ಗಿಸಬೇಕು ಎಂದು ಹದಿನೈದು ವರ್ಷ ಕಲಿತು ಬಂದ ಮಗುವಿಗೆ, ತಪ್ಪು ತೋರಿಸುವುದೂ ಗೌರವದ ಒಂದು ರೀತಿ ಎಂದು ಯಾರೂ ಹೇಳಿರಲಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವಿಮರ್ಶೆ ಬಂದಾಗ ಮಾಡುವುದು ಎರಡರಲ್ಲಿ ಒಂದು: ಮೂರು ಸಲ ಕ್ಷಮೆ ಕೇಳಿ, ಹೇಳಿದ್ದನ್ನೆಲ್ಲ ಅರ್ಥವಾಗದಿದ್ದರೂ ಮಾಡಿ ಕಳಿಸುತ್ತಾರೆ, ಇಲ್ಲವೇ ಕಣ್ಮರೆಯಾಗುತ್ತಾರೆ. ಎರಡೂ ಮೇಂಟೇನರಿಗೆ ಉಪಯೋಗವಿಲ್ಲದ್ದು.

ಆಕೆ ಎರಡನೇ ಆವೃತ್ತಿ ಕಳಿಸಿದಳು. ಅದರಲ್ಲಿ ಪಕ್ಕದ ಸಾಲುಗಳ ಇಂಡೆಂಟೇಶನ್ನನ್ನೂ ಸರಿಮಾಡಿದ್ದಳು. ಒಂದು ಪ್ಯಾಚಿನಲ್ಲಿ ಒಂದೇ ಬದಲಾವಣೆ ಇರಲಿ, ಬೇರ್ಪಡಿಸಿ ಎಂಬ ಉತ್ತರ ಬಂತು. ಮೂರನೆಯದರಲ್ಲಿ, ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬುದನ್ನು ಪ್ಯಾಚಿನ ವಿವರಣೆಯ ಕೊನೆಯ ಮೂರು ಅಡ್ಡಗೆರೆಗಳ (---) ಕೆಳಗೆ ಬರೆಯಲು ಮರೆತಳು. ಅದೇ ಹೊತ್ತಿಗೆ ಬೇರೊಬ್ಬರು, ಕ್ಲಾಕನ್ನು ಇನ್ನೂ ತಡವಾಗಿ ಚಾಲೂ ಮಾಡಬಹುದಲ್ಲ ಎಂದು ಸೂಚಿಸಿದರು. ಈ ಸಲ ಆಕೆ ನನ್ನನ್ನು ಕೇಳಲಿಲ್ಲ. ನಡುವಿನ ಒಂದು ಹೆಜ್ಜೆಯಲ್ಲಿ ಯಂತ್ರದ ರಿಜಿಸ್ಟರ್ ಓದಬೇಕಿದೆ, ಆ ಹೊತ್ತಿಗೆ ಕ್ಲಾಕ್ ಚಾಲೂ ಇರಲೇಬೇಕು, ಆದ್ದರಿಂದ ಈಗಿರುವ ಕ್ರಮವೇ ಸರಿ ಎಂದು ಎರಡು ವಾಕ್ಯಗಳಲ್ಲಿ, ಸರಳ ಇಂಗ್ಲಿಷಿನಲ್ಲಿ ಬರೆದಳು. ಸೂಚಿಸಿದವರು ಹೌದು ಎಂದು ಒಪ್ಪಿದರು. ನಾಲ್ಕನೆಯ ಆವೃತ್ತಿ ಸ್ವೀಕೃತವಾಯಿತು. ಮೊದಲ ಪತ್ರದಿಂದ ಅಲ್ಲಿಗೆ ಹನ್ನೊಂದು ವಾರ. ನನ್ನ ಲೆಕ್ಕದಲ್ಲಿ ಆಕೆಯ ತರಬೇತಿ ಪೂರ್ಣವಾದದ್ದು ಪ್ಯಾಚ್ ಸೇರಿದ ದಿನ ಅಲ್ಲ, ಆ ಎರಡು ವಾಕ್ಯ ಬರೆದ ದಿನ.

ಆ ಹನ್ನೊಂದು ವಾರಗಳಿಗೆ ಕಾಲೇಜಿನಿಂದ ಆಕೆಗೆ ಸಿಕ್ಕ ಅಂಕ ಸೊನ್ನೆ. ಅಂದು ಒಂದೇ ದಿನದಲ್ಲಿ ನಲವತ್ತು ಪ್ಯಾಚ್ ಸುರಿದ ತರಗತಿಗೆ ಚಟುವಟಿಕೆಯ ಅಂಕಗಳು ಸಿಕ್ಕವು. ತಾವು ಬದಲಿಸಬೇಕೆಂದು ನಾನು ಕೈಮುಗಿದು ಕೇಳುತ್ತಿರುವುದು ಇದನ್ನೇ. ಎಷ್ಟು ಪ್ಯಾಚ್ ಕಳಿಸಿದರು, ಎಷ್ಟು ಸೇರಿತು ಎಂಬ ಎಣಿಕೆಯನ್ನು ಬಿಡಿ. ಸೇರದೇ ಹೋದ ಪ್ಯಾಚಿನ ಹಿಂದೆಯೂ ಒಳ್ಳೆಯ ಸಂವಾದ ನಡೆದಿರಬಹುದು, ಅದಕ್ಕೆ ಪೂರ್ಣ ಅಂಕ ಸಲ್ಲಬೇಕು. ಪತ್ರವ್ಯವಹಾರವೆಲ್ಲ ಬಹಿರಂಗವಾಗಿಯೇ ಇರುವುದರಿಂದ ಮೌಲ್ಯಮಾಪನ ಮಾಡುವವರು ತೆರೆದು ಓದಬಹುದು. ನಕಲು ಮಾಡಿದ ಪ್ರಾಜೆಕ್ಟ್ ವರದಿಯ ಸಮಸ್ಯೆ ಇಲ್ಲಿ ಬರುವುದಿಲ್ಲ. ಮತ್ತು ಇದಕ್ಕೆ ಎರಡು ಸೆಮಿಸ್ಟರುಗಳ ಅವಧಿ ಕೊಡಿ. ಕರ್ನಲ್‌ನ ದಸ್ತಾವೇಜಿನಲ್ಲಿಯೇ, ಉತ್ತರಕ್ಕಾಗಿ ಕನಿಷ್ಠ ಒಂದು ವಾರ ಕಾಯಿರಿ ಎಂದಿದೆ. ಗಡಿಬಿಡಿಯ ದಿನಗಳಲ್ಲಿ ಎರಡು ಮೂರು ವಾರಗಳೂ ಆಗುತ್ತವೆ. ನಮ್ಮ ಆಂತರಿಕ ಪರೀಕ್ಷೆಯ ದಿನಾಂಕಕ್ಕೆ ಸರಿಯಾಗಿ ಜರ್ಮನಿಯಲ್ಲೋ ಜಪಾನಿನಲ್ಲೋ ಇರುವ ಮೇಂಟೇನರ್ ಉತ್ತರಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಾಲೇಜಿನಿಂದ ಹೊರಹೋಗುವ ಪ್ರತಿ ಪ್ಯಾಚನ್ನೂ ಮೊದಲು ಕಾಲೇಜಿನ ಒಳಗೇ ಇಬ್ಬರು ಓದಲಿ, ಒಬ್ಬ ಅಧ್ಯಾಪಕರು ಮತ್ತು ಒಬ್ಬ ಹಿರಿಯ ವಿದ್ಯಾರ್ಥಿ. ಇದರಿಂದ ಹೊರಗಿನವರ ಸಮಯ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಟೀಕೆಯನ್ನು ಎದುರಿಸುವುದು ಪರಿಚಿತರ ನಡುವೆ ಅಭ್ಯಾಸವಾಗುತ್ತದೆ. ಪ್ಯಾಚಿನ ಕೊನೆಗೆ ಹಾಕುವ ಸೈನ್ಡ್ ಆಫ್ ಬೈ ಎಂಬ ಸಹಿ ಬರಿಯ ಹೆಸರಲ್ಲ. ಕರ್ನಲ್‌ನ ಕೋಡಿನ ಹಕ್ಕುಗಳ ಬಗ್ಗೆ ಎಸ್‌ಸಿಒ ಕಂಪನಿ ಮೊಕದ್ದಮೆ ಹೂಡಿದ ಮರುವರ್ಷ, 2004ರಲ್ಲಿ ಜಾರಿಗೆ ಬಂದ ಆ ಸಹಿ, ಇದನ್ನು ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆ. ಎಐ ಸಾಧನ ಬರೆದುಕೊಟ್ಟದ್ದನ್ನು ಓದದೆ ಅದರ ಕೆಳಗೆ ಸಹಿ ಹಾಕಿದ ವಿದ್ಯಾರ್ಥಿ, ತನಗೆ ತಿಳಿಯದ ಮಾತಿಗೆ ಸಾಕ್ಷಿ ಹೇಳಿದಂತಾಗುತ್ತದೆ. ಸಂಸ್ಥೆಯ ಹೆಸರೂ ಇದರಲ್ಲಿ ಪಣಕ್ಕೆ ಬೀಳುತ್ತದೆ. 2021ರ ಏಪ್ರಿಲ್‌ನಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಕ್ಕಾಗಿ ಬೇಕೆಂದೇ ದೋಷವಿರುವ ಪ್ಯಾಚುಗಳನ್ನು ಕಳಿಸಿದ್ದು ಬಯಲಾದಾಗ, ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋವಾ ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಮುಂದೆ ಬರುವ ಕೊಡುಗೆಗಳನ್ನು ತಡೆದರು, ಅಲ್ಲಿಂದ ಹಿಂದೆ ಬಂದಿದ್ದ ಪ್ಯಾಚುಗಳನ್ನು ಮತ್ತೆ ಒಂದೊಂದಾಗಿ ಪರಿಶೀಲಿಸಬೇಕಾಯಿತು. ಆ ಪ್ರಯೋಗಕ್ಕೆ ಸಂಬಂಧವೇ ಇಲ್ಲದವರ ಕೆಲಸವೂ ಅದರಲ್ಲಿ ಸಿಕ್ಕಿಕೊಂಡಿತು.

ಮೇಂಟೇನರುಗಳೆಲ್ಲ ಸಂತರು ಎಂದು ನಾನು ಹೇಳುತ್ತಿಲ್ಲ. ಆ ಸಮುದಾಯದಲ್ಲಿ ಒರಟು ಮಾತು ಬಹಳ ಕಾಲ ನಡೆದುಕೊಂಡು ಬಂದಿತ್ತು. 2018ರ ಸೆಪ್ಟೆಂಬರಿನಲ್ಲಿ ಟೋರ್ವಾಲ್ಡ್ಸ್ ಸ್ವತಃ ತಮ್ಮ ನಡವಳಿಕೆಗೆ ಕ್ಷಮೆ ಕೇಳಿ ಕೆಲಕಾಲ ದೂರ ಸರಿದರು, ಅದೇ ತಿಂಗಳು ನೀತಿಸಂಹಿತೆಯನ್ನು ಅಳವಡಿಸಿಕೊಂಡರು. ಇಂದಿಗೂ ಮನಸ್ಸು ನೋಯಿಸುವ ಉತ್ತರ ಬಂದರೆ ಅದನ್ನು ದೂರುವ ದಾರಿ ಇದೆ ಎಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಚುಟುಕಾದ ಉತ್ತರ ಬೇರೆ, ಅವಮಾನ ಬೇರೆ ಎಂಬ ವ್ಯತ್ಯಾಸವನ್ನು ಗುರುತಿಸಲು ಕಲಿಸುವುದು ನಮ್ಮ ಹೊಣೆ.

ಕೆಲವು ಸಣ್ಣ ಅಡಚಣೆಗಳನ್ನು ನಿವಾರಿಸುವುದು ತಮ್ಮ ಕೈಯಲ್ಲೇ ಇದೆ. ಹಲವು ಕಾಲೇಜುಗಳ ಜಾಲದಲ್ಲಿ ಮೇಲ್ ಕಳಿಸುವ ಪೋರ್ಟ್‌ಗಳನ್ನು ಮುಚ್ಚಿರುತ್ತಾರೆ, ಆಗ ಗಿಟ್‌ನಿಂದ ನೇರವಾಗಿ ಪ್ಯಾಚ್ ಹೋಗುವುದಿಲ್ಲ. ಕಾಲೇಜಿನ ಮೇಲ್ ವ್ಯವಸ್ಥೆ ಪತ್ರದ ಕೆಳಗೆ ಗೌಪ್ಯತೆಯ ಸೂಚನೆ ಅಂಟಿಸುತ್ತದೆ. ಬಹಿರಂಗ ಲಿಸ್ಟಿಗೆ ಹೋಗುವ ಪ್ಯಾಚಿನಲ್ಲಿ ಅದು ಇರಬಾರದು. ಜಾಲತಾಣದಿಂದ ಜಿಮೇಲ್ ಬಳಸಿದರೆ ಟ್ಯಾಬ್‌ಗಳು ಕೆಡುತ್ತವೆ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಒಂದು ಟಿಪ್ಪಣಿ ಕಳಿಸಿದರೆ ಇದು ಮುಗಿಯುತ್ತದೆ. ಅದೂ ಆಗದಿದ್ದರೆ, ಬಿ4 ಎಂಬ ಸಾಧನದ ಮೂಲಕ ಮೇಲ್ ಸರ್ವರಿನ ಹಂಗಿಲ್ಲದೆ ಪ್ಯಾಚ್ ಕಳಿಸುವ ವ್ಯವಸ್ಥೆ ಇದೆ.

ಅಧ್ಯಾಪಕರ ತರಬೇತಿ ಮಾತ್ರ ಸಣ್ಣ ವಿಷಯವಲ್ಲ. ತಾವೇ ಒಮ್ಮೆಯೂ ವಿಮರ್ಶೆಗೆ ಒಳಗಾಗದವರು ಅದನ್ನು ಕಲಿಸುವುದು, ನೀರಿಗಿಳಿಯದವರು ಈಜು ಕಲಿಸಿದ ಹಾಗೆ. ಲಿನಕ್ಸ್ ಫೌಂಡೇಶನ್‌ನ ಆರಂಭಿಕರ ಪಾಠ ಉಚಿತವಾಗಿ ಸಿಗುತ್ತದೆ. ಅದೇ ಸಂಸ್ಥೆ 2019ರಿಂದ ಶುವಾ ಖಾನ್ ಅವರ ನೇತೃತ್ವದಲ್ಲಿ ನಡೆಸುತ್ತಿರುವ ಕರ್ನಲ್ ಮಾರ್ಗದರ್ಶನ ಯೋಜನೆಯಲ್ಲಿ ಪೂರ್ಣಾವಧಿಗೆ ಹನ್ನೆರಡು ವಾರ, ಅರೆಕಾಲಿಕರಿಗೆ ಇಪ್ಪತ್ತನಾಲ್ಕು ವಾರ. ಸೇರುವ ಮೊದಲೇ ಕೊಟ್ಟ ಕೆಲಸಗಳನ್ನು ಮುಗಿಸಿ ತೋರಿಸಬೇಕು. 2013ರಲ್ಲಿ ಕರ್ನಲ್ ಸೇರಿಕೊಂಡ, ಈಗ ಔಟ್‌ರೀಚಿ ಎಂದು ಹೆಸರಾಗಿರುವ, ಭತ್ಯೆ ಸಹಿತ ಇಂಟರ್ನ್‌ಶಿಪ್ ಯೋಜನೆಯೂ ಇದೇ ರೀತಿ ಅರ್ಜಿಯ ಹಂತದಲ್ಲೇ ಕೊಡುಗೆ ಕೇಳುತ್ತದೆ. ಈ ಯೋಜನೆಗಳು ತಿಂಗಳುಗಟ್ಟಲೆ ತೆಗೆದುಕೊಳ್ಳುವುದನ್ನು ನಾವು ಒಂದು ದಿನದಲ್ಲಿ ಮುಗಿಸುತ್ತೇವೆಂದು ಹೇಳುತ್ತಿದ್ದೇವೆ ಎಂಬುದನ್ನು ಗಮನಿಸಿ. ಪ್ರತಿ ವಿಭಾಗದಿಂದ ಒಬ್ಬಿಬ್ಬರು ಅಧ್ಯಾಪಕರಿಗೆ ಒಂದು ಸೆಮಿಸ್ಟರ್ ಬೋಧನೆಯ ಹೊರೆ ಕಡಿಮೆ ಮಾಡಿ, ಒಂದು ಪ್ಯಾಚನ್ನಾದರೂ ಕೊನೆಯವರೆಗೆ ನಡೆಸಿಕೊಂಡು ಹೋಗುವ ಅವಕಾಶ ಕೊಡಿ.

ಬೆಂಗಳೂರಿಗೆ ಇದು ಹೊಸ ಪಾಠವೂ ಅಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಆರಂಭವಾಗಿ, 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡ ಸಮ್ಮೇಳನವನ್ನು ಕಟ್ಟಿದ ಅತುಲ್ ಚಿಟ್ನಿಸ್ ಮತ್ತು ಅವರ ತಂಡ, ಭಾಷಣ ಕೇಳಿ ಮನೆಗೆ ಹೋಗುವ ಜನಸಂದಣಿಯಿಂದ ಪ್ರಯೋಜನವಿಲ್ಲವೆಂದು ಕಂಡುಕೊಂಡು, 2008ರಲ್ಲಿ ಯೋಜನೆಗಳ ಜೊತೆ ಕುಳಿತು ಕೆಲಸ ಮಾಡುವ ಗೋಷ್ಠಿಗಳಿಗೆ ಒತ್ತು ಕೊಟ್ಟಿತು. ಸಮ್ಮೇಳನ 2012ಕ್ಕೆ ನಿಂತಿತು, ಮರುವರ್ಷ ಅತುಲ್ ತೀರಿಕೊಂಡರು. ಅವರು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ.

ಕನ್ನಡದ ಮಾತನ್ನೂ ಸೇರಿಸಬೇಕು. ಕರ್ನಲ್‌ನ ದಸ್ತಾವೇಜುಗಳಲ್ಲಿ ಅನುವಾದಗಳಿಗೆಂದೇ ಒಂದು ವಿಭಾಗವಿದೆ. ಚೀನೀ, ಜಪಾನೀ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್ ಅಲ್ಲಿವೆ, ಕನ್ನಡ ಇಲ್ಲ. ಲಿಸ್ಟಿನಲ್ಲಿ ಬರೆಯುವುದು ಇಂಗ್ಲಿಷಿನಲ್ಲೇ ಆಗಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪ್ಯಾಚ್ ಹೇಗೆ ಬರೆಯಬೇಕು, ಉತ್ತರ ಹೇಗೆ ಓದಬೇಕು ಎಂಬ ವಿವರಣೆ ತನ್ನ ಭಾಷೆಯಲ್ಲಿ ಸಿಕ್ಕಿದ್ದರೆ ಆ ಹಾವೇರಿಯ ಹುಡುಗಿ ಹತ್ತು ದಿನ ಅಂಜಿಕೊಂಡು ಕೂರುತ್ತಿರಲಿಲ್ಲ. ಪ್ಯಾಚ್ ಸಲ್ಲಿಸುವ ಕ್ರಮವನ್ನು ವಿವರಿಸುವ ದಸ್ತಾವೇಜಿನ ಕನ್ನಡ ಕರಡನ್ನು ನಾವು ನಾಲ್ವರು ಸೇರಿ ಅರ್ಧದಷ್ಟು ಮಾಡಿದ್ದೇವೆ. ಕೇಳಿದ ಅಧ್ಯಾಪಕರಿಗೆ ಕೊಡಲು ಸಿದ್ಧರಿದ್ದೇವೆ. ತಿದ್ದಿಕೊಟ್ಟರೆ ಇನ್ನೂ ಸಂತೋಷ.

ಬರುವ ಶೈಕ್ಷಣಿಕ ವರ್ಷದಲ್ಲಿ ಮೂರು ಕಾಲೇಜುಗಳಿಗೆ ಪ್ರತಿ ಶನಿವಾರ ಬಂದು ಕುಳಿತುಕೊಳ್ಳಲು ನಾವು ನಾಲ್ವರೂ ಒಪ್ಪಿದ್ದೇವೆ. ಸಂಭಾವನೆ ಬೇಡ, ವೇದಿಕೆ ಬೇಡ, ಹೂಗುಚ್ಛ ಬೇಡ. ಇಪ್ಪತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಬೇಡ, ಜೊತೆಗೆ ಕಲಿಯುವ ಇಬ್ಬರು ಅಧ್ಯಾಪಕರು ಇರಲೇಬೇಕು, ಮತ್ತು ಮೊದಲ ತಿಂಗಳು ಒಂದು ಪ್ಯಾಚೂ ಹೊರಹೋಗುವುದಿಲ್ಲ ಎಂಬುದಕ್ಕೆ ಪ್ರಾಂಶುಪಾಲರ ಒಪ್ಪಿಗೆ ಬೇಕು. ಲ್ಯಾಬಿನ ಕೀಲಿ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಸಿಗುವಂತಿದ್ದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಕರ್ನಲ್ ಕೊಡುಗೆದಾರ